ಹುಸಿ ಹೊಲಿಗೆ

ಆ ಕಾಲಕ್ಕೆ ಒಂದು ಯಂತ್ರ ನಡೆಯಬೇಕಾದರೆ ಕರೆಂಟು ಒಂದೇ ಸಾಲುತ್ತಿರಲಿಲ್ಲ. ತನ್ನೊಳಗಿನ ತಂತ್ರಾಂಶವನ್ನು ನೋಡಿಕೊಳ್ಳುವ ಜೀವವೊಂದು ಎಲ್ಲೋ ಒಂದು ಕಡೆ ಇನ್ನೂ ಇದೆ ಎಂಬುದೂ ಅದಕ್ಕೆ ಖಾತ್ರಿಯಾಗಬೇಕಿತ್ತು. ಪ್ರತಿ ಸೋಮವಾರ ಬೆಳಗ್ಗೆ ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ಆಸ್ಪತ್ರೆಯ ಲಿಫ್ಟು, ಕೇಳದ ಕಿವಿಯೊಳಗೆ ಕೂತ ಸಣ್ಣ ಗುಂಡಿ, ಎಲ್ಲವೂ ಒಂದೇ ಪ್ರಶ್ನೆ ಕೇಳುತ್ತಿದ್ದವು: ನಮ್ಮವರು ಇದ್ದಾರೆಯೇ? ಆ ಪ್ರಶ್ನೆ ಬಂದು ಬೀಳುತ್ತಿದ್ದುದು ಬೆಟಗೇರಿಯ ನೇಕಾರರ ಸಂಘದ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿದ್ದ ‘ಸೂಚಿ’ಯ ಕಚೇರಿಗೆ.

ಸೂಚಿ ಎಂದರೆ ಒಂದು ಪಟ್ಟಿ, ಅಷ್ಟೇ. ದೊಡ್ಡ ಕಂಪನಿಗಳು ಹಳೆಯ ಯಂತ್ರಗಳ ಕೈಬಿಟ್ಟ ಮೇಲೆ ಜನರೇ ಜನರಿಗಾಗಿ ಬರೆದಿಟ್ಟ ಹನ್ನೊಂದು ಸಾವಿರ ತಂತ್ರಾಂಶಗಳು ಅದರಲ್ಲಿದ್ದವು. ಒಂದೊಂದರ ಮುಂದೆಯೂ ಒಂದು ದೀಪ. ನೋಡಿಕೊಳ್ಳುವವರು ಇದ್ದರೆ ಹಸಿರು, ಇಲ್ಲವಾದರೆ ಕೆಂಪು. ಕೆಂಪಾದ ತಂತ್ರಾಂಶವನ್ನು ಬಳಸುವವರಿಗೆಲ್ಲ ಸಂದೇಶ ಹೋಗುತ್ತಿತ್ತು. ಏಳು ದಿನದೊಳಗೆ ಬೇರೊಬ್ಬರು ಅದನ್ನು ವಹಿಸಿಕೊಳ್ಳದಿದ್ದರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಹಿಂದೊಮ್ಮೆ ಒಂದು ಊರಿನಲ್ಲಿ ಕುಡಿಯುವ ನೀರಿಗೆ ಔಷಧ ಬೆರೆಸುವ ಯಂತ್ರ, ಕೇಳುವವರಿಲ್ಲದ ತಂತ್ರಾಂಶದ ಮಾತು ಕೇಳಿ ನಾಲ್ಕು ಓಣಿಯ ಜನರನ್ನು ಆಸ್ಪತ್ರೆಗೆ ಕಳಿಸಿತ್ತು. ಆಮೇಲೆ ಬಂದ ಕಾನೂನು ಇದು.

ಇದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ‘ಹೊಲಿಗೆ’ ಎಂಬ ಪದ್ಧತಿ ಮಾಡಿದರು. ನೇಕಾರರ ಸಂಘದ ಕಟ್ಟಡವಲ್ಲವೇ, ಮಾತೂ ಅಲ್ಲಿಯದೇ. ಮೂರು ತಿಂಗಳಿಗೊಮ್ಮೆ ತಂತ್ರಾಂಶದಲ್ಲಿ ಸಣ್ಣದಾದರೂ ಒಂದು ತಿದ್ದುಪಡಿ ಬೀಳಬೇಕು. ಹೊಲಿಗೆ ಬಿತ್ತೋ, ಜೀವ ಇದೆ.

ಆ ಹೊಲಿಗೆಗಳನ್ನು ನೋಡಿ ದೀಪ ಇಡುವ ಕೆಲಸ ನೀಲಗಂಗಾಳದು. ಐವತ್ತಾರರ ಹೆಂಗಸು. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಕೂತಲ್ಲಿ ಕೂರಲಾರದ ಸ್ವಭಾವ; ಬೀಗ ಹಾಕಿ ಬಂದ ಮೇಲೂ ಅರ್ಧ ದಾರಿಯಿಂದ ತಿರುಗಿ ಹೋಗಿ ಬೀಗ ಜಗ್ಗಿ ನೋಡುವವಳು. ಇಂಥ ಕೆಲಸಕ್ಕೆ ಇಂಥವಳೇ ಬೇಕು ಎಂದು ಕಚೇರಿಯ ಮುಖ್ಯಸ್ಥೆ ಶಾಹೀನ್ ನದಾಫ್ ನಗುತ್ತಿದ್ದರು.

ಅವತ್ತು ನದಾಫ್ ಮೇಡಂ ನಗುತ್ತಿರಲಿಲ್ಲ.

“ಅಕ್ಕಾರ, ಬ್ಯಾರೆ ಜಿಲ್ಲಾದಾಗ ಒಂದು ಹುಸಿ ಹೊಲಿಗಿ ಸಿಕ್ಕೈತಂತ. ಮನಷ್ಯಾ ಸತ್ತು ಎರಡು ವರ್ಷ ಆಗೈತಿ, ಹೊಲಿಗಿ ಮಾತ್ರ ಬೀಳಾಕತ್ತೈತಿ. ಯಂತ್ರ ಹಚ್ಚಿಟ್ಟು ಹೋಗ್ಯಾನ. ನಮ್ಮ ಪಟ್ಟಿನೂ ಒಮ್ಮೆ ಸೋಸಿ ನೋಡ್ರಿ.”

ನೀಲಗಂಗಾ ಪಟ್ಟಿ ಸೋಸಿದಳು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಒಂದು ಸಾಲು ನಿಂತಿತು. ಮೂರು ತಿಂಗಳಿಗೊಮ್ಮೆ, ಒಂದನೆಯ ತಾರೀಖು, ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಅಕ್ಷರಗಳ ನಡುವೆ ಒಂದು ಖಾಲಿ ಜಾಗ ಸೇರಿಸಿದ್ದು. ಮುಂದಿನ ಸಲ ಅದೇ ಜಾಗ ತೆಗೆದದ್ದು. ಸೇರಿಸಿದ್ದು, ತೆಗೆದದ್ದು. ಹೀಗೆ ಆರು ವರ್ಷ. ತಂತ್ರಾಂಶದ ಹೆಸರು ‘ಸ್ಥಿರಹಸ್ತ’.

ಸ್ಥಿರಹಸ್ತವನ್ನು ಬಳಸುತ್ತಿದ್ದವರು ನಾಲ್ಕು ನೂರ ಹನ್ನೆರಡು ಮಂದಿ. ಅವರಲ್ಲಿ ಒಬ್ಬ ಅವಳ ಗಂಡ.

*

ಗುದ್ಲೆಪ್ಪನದು ಮಾರ್ಕೆಟ್ ರಸ್ತೆಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ. ಐವತ್ತರ ಸುಮಾರಿಗೆ ಅವನ ಕೈಗಳು ನಡುಗತೊಡಗಿದ್ದವು. ಮೊದಲು ಚಹಾದ ಬಸಿ ಕಟಕಟ ಎಂದಿತು. ಆಮೇಲೆ ಬಾಚಣಿಗೆ. ಆಮೇಲೆ ಒಂದು ದಿನ ಗಿರಾಕಿಯೊಬ್ಬ ಅರ್ಧ ಗಡ್ಡಕ್ಕೇ ಎದ್ದು ಹೋದ. ಆ ಒಂದು ವರ್ಷ ನೀಲಗಂಗಾಳೇ ಅವನಿಗೆ ತುತ್ತು ಮಾಡಿ ಕೊಟ್ಟಿದ್ದಳು, ಅವನು ಗೋಡೆಯ ಕಡೆ ಮುಖ ಮಾಡಿ ಉಂಡಿದ್ದ.

ಆಮೇಲೆ ಬಂತು ಕೈಪಟ್ಟಿ. ಎರಡು ಮುಂಗೈಗೂ ಬಳೆಯಂತೆ ಕಟ್ಟುವುದು. ನರದೊಳಗೆ ನಡುಕದ ಅಲೆ ಏಳುತ್ತಿದ್ದಂತೆಯೇ ಅದನ್ನು ಚರ್ಮದ ಮೇಲಿಂದ ಓದಿ, ಅದಕ್ಕೆ ಎದುರಾಗಿ ಅಷ್ಟೇ ಬಲದ ಇನ್ನೊಂದು ಅಲೆ ಕಳಿಸಿ ಎರಡನ್ನೂ ಸಮ ಮಾಡುವ ಉಪಾಯ. ಪಟ್ಟಿಯನ್ನು ಯಾರು ಬೇಕಾದರೂ ಮಾಡಿಕೊಡುತ್ತಿದ್ದರು. ಅದರ ಬುದ್ಧಿ ಮಾತ್ರ ಸ್ಥಿರಹಸ್ತ. ಕಟ್ಟಿದ ದಿನ ಗುದ್ಲೆಪ್ಪ ತುಂಬಿದ ಲೋಟವನ್ನು ಅಂಗೈ ಮೇಲಿಟ್ಟುಕೊಂಡು ಓಣಿ ತುಂಬ ತಿರುಗಿ ಬಂದಿದ್ದ.

ಸಂಜೆ ಮನೆಗೆ ಬಂದಾಗ ಅವನು ಈರುಳ್ಳಿ ಹೆಚ್ಚುತ್ತಿದ್ದ, ಕೂದಲೆಳೆಯಷ್ಟು ತೆಳ್ಳಗೆ.

“ಯಾಕ, ಮಾರಿ ಸಣ್ಣದ ಮಾಡ್ಕೊಂಡು ಬಂದಿ? ನದಾಫ್ ಮೇಡಂ ಬೈದ್ರೇನು?”

“ಇಲ್ರಿ. ಬಿಸಲು.”

“ಬಿಸಲು ಗದಗಿನಾಗ ಇವತ್ತ ಹುಟ್ಟೇತಿ ಅನ್ನು.”

ಅವಳು ನಗಲಿಲ್ಲ. ಅವನ ಮುಂಗೈಯನ್ನೇ ನೋಡುತ್ತ ಕುಳಿತಳು. ರೊಟ್ಟಿ ಬಡಿಯಲು ಹೋದವಳು ಹಿಟ್ಟಿಗೆ ನೀರು ಹಾಕುವುದನ್ನು ಮರೆತು ಒಣಹಿಟ್ಟನ್ನೇ ತಟ್ಟಿದಳು.

*

ಮರುದಿನ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ, ಕಾರವಾರದ ಒಂದು ನಂಬರಿಗೆ ಫೋನು ಮಾಡಿದಳು. ಸ್ಥಿರಹಸ್ತವನ್ನು ಬರೆದವರು ಅಲ್ಲಿಯ ಕ್ಲೆಮೆಂಟಿನಾ ಬಾಯಿ. ತಮ್ಮನ ಕೈ ನಡುಗುತ್ತಿತ್ತೆಂದು ಅವನಿಗಾಗಿ ಬರೆದು, ಆಮೇಲೆ ಊರಿಗೆಲ್ಲ ಹಂಚಿದವರು.

ಫೋನು ಎತ್ತಿದ್ದು ಬೇರೆ ದನಿ. “ನಾನು ಜೆಸಿಂತಾ, ಅವರ ಅಕ್ಕನ ಮಗಳು. ಮಾವ್ಶಿ ಹೋಗಿ ನಾಲ್ಕು ವರ್ಷ ಆಯ್ತಲ್ಲ! ನಿಮಗೆ ಯಾರೂ ಹೇಳ್ಲಿಲ್ವಾ?”

ನೀಲಗಂಗಾ ಕುರ್ಚಿ ಎಳೆದು ಕುಳಿತಳು.

“ಅವರ ಕೋಣೇಲಿ ಒಂದು ಪೆಟ್ಟಿಗೆ ಉಂಟು,” ಜೆಸಿಂತಾ ತಾನಾಗಿಯೇ ಹೇಳಿದಳು. “ಅದನ್ನು ಬಂದ್ ಮಾಡಬೇಡಿ ಅಂತ ಹೇಳಿ ಹೋಗಿದ್ದಾರೆ. ನಾವು ಮಾಡಿಲ್ಲ. ಶನಿವಾರಕ್ಕೊಮ್ಮೆ ಧೂಳು ಒರೆಸ್ತೇನೆ. ಅದರದ್ದು ಹಸಿರು ಲೈಟು ಮಿಣ್ ಮಿಣ್ ಅಂತಾ ಇರ್ತದೆ. ಮಾವ್ಶಿ ಇದ್ದ ಹಾಗೇ ಅನಿಸ್ತದೆ ನಮಗೆ.”

ಫೋನು ಇಟ್ಟ ಮೇಲೆ ನೀಲಗಂಗಾ ಎದ್ದು ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಯಾಕೆಂದರೆ ಆ ಪೆಟ್ಟಿಗೆಯ ಉಪಾಯ ಕ್ಲೆಮೆಂಟಿನಾ ಬಾಯಿಯದಲ್ಲ. ಇವಳದೇ.

ಆರು ವರ್ಷದ ಹಿಂದೆ ಆ ಮುದುಕಿ ಫೋನಿನಲ್ಲಿ ಸಿಡುಕಿದ್ದರು. “ಕೆಲಸ ಮುಗಿದಿದೆ, ಬಾಯ್. ಮುಗಿದದ್ದನ್ನು ಮತ್ತೆ ಮತ್ತೆ ಕೆದಕಿ ಹಾಳು ಮಾಡ್ಲಾ? ಹೊಲಿಗೆ ಹಾಕು, ಹೊಲಿಗೆ ಹಾಕು ಅಂದ್ರೆ ಎಲ್ಲಿ ಹಾಕಲಿ, ಹರಿದೇ ಇಲ್ಲ!” ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಚೆನ್ನಾಗಿ ಮುಗಿದ ಕೆಲಸಕ್ಕೆ ಸೂಚಿಯ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ನೀಲಗಂಗಾಳಿಗೆ ಪಾಪ ಅನಿಸಿತ್ತು. ಒಳಗೊಳಗೆ ಗಂಡನ ಕೈಯೂ ನೆನಪಾಗಿತ್ತು. “ತ್ರಾಸ ತಗೋಬ್ಯಾಡ್ರಿ ಬಾಯಾರ. ಒಂದು ಸಣ್ಣ ಯಂತ್ರ ಹಚ್ಚಿಡ್ರಿ. ಒಂದು ಖಾಲಿ ಜಾಗ ಸೇರಸ್ತದ, ಮುಂದಿನ ಸಲ ತಗೀತದ. ಯಾರಿಗೂ ಬಾಧಕ ಇಲ್ಲ,” ಎಂದು ತಾನೇ ಒಂದೊಂದು ಸಾಲು ಹೇಳಿ ಬರೆಸಿದ್ದಳು. ಆಮೇಲೆ ಹಾಗೆಯೇ ಗೋಳಾಡಿದ ಇನ್ನೂ ಹದಿನೆಂಟು ಮಂದಿಗೆ ಅದೇ ಪಾಠ ಹೇಳಿದ್ದಳು. ಎಲ್ಲರೂ ಬಾಯಿ ತುಂಬ ಹರಸಿದ್ದರು.

ಕೆಂಪು ಒತ್ತಬೇಕು. ಅದು ಅವಳಿಗೆ ಗೊತ್ತು. ಆದರೆ ಒತ್ತಿದ ಏಳನೆಯ ದಿನಕ್ಕೆ ಗುದ್ಲೆಪ್ಪನ ಕೈ ಮತ್ತೆ ಬಸಿಯನ್ನು ಕಟಕಟ ಎನ್ನಿಸುತ್ತದೆ. ಹಾಗೇ ಬಿಟ್ಟರೆ? ತಂತ್ರಾಂಶ ಚೆನ್ನಾಗಿಯೇ ನಡೆದಿದೆಯಲ್ಲ. ನಾಲ್ಕು ವರ್ಷದಿಂದ ಏನೂ ಆಗಿಲ್ಲವಲ್ಲ.

ಆಗಿಲ್ಲವೇ?

ಬಳಸುವವರು ಬರೆಯುವ ದೂರುಗಳು ನೇರ ತಂತ್ರಾಂಶ ನೋಡಿಕೊಳ್ಳುವವರಿಗೇ ಹೋಗುತ್ತಿದ್ದವು, ಕಚೇರಿ ಓದುತ್ತಿರಲಿಲ್ಲ. ಅವಳು ಸ್ಥಿರಹಸ್ತದ ದೂರುಗಳ ಕಡತ ತೆರೆದಳು. ಮೂರು ಪತ್ರಗಳಿದ್ದವು, ಮೂರೂ ಒಬ್ಬರದೇ. ಇಳಕಲ್ಲಿನ ತಾರಾಬಾಯಿ ಎಂಬಾಕೆ ಎರಡು ವರ್ಷದಲ್ಲಿ ಬರೆದದ್ದು. ಕೈ ಒಮ್ಮೊಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ, ದಯಮಾಡಿ ನೋಡಿರಿ, ಎಂದು ಮೊದಲ ಪತ್ರ. ದಯಮಾಡಿ ಉತ್ತರ ಕೊಡಿರಿ, ಎಂದು ಎರಡನೆಯದು. ಮೂರನೆಯದರಲ್ಲಿ ಒಂದೇ ಸಾಲು: ನೀವು ಇದ್ದೀರಾ?

ಸೂಚಿ ಅದಕ್ಕೆ ತಾನಾಗಿ ಉತ್ತರ ಕಳಿಸಿತ್ತು: ದೀಪ ಹಸಿರಾಗಿದೆ, ನೋಡಿಕೊಳ್ಳುವವರು ಇದ್ದಾರೆ.

ನೀಲಗಂಗಾ ಇಳಕಲ್ಲಿಗೆ ಫೋನು ಮಾಡಿದಳು. ತಾರಾಬಾಯಿ ಮೊದಲು ನಂಬಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದಳು.

“ಮೊಮ್ಮಗಳ ರಟ್ಟಿ ಹಿಡದಿದ್ನಿರಿ, ಬಾವಿ ಕಡೆ ಓಡತಿದ್ಲಂತ. ಕೈ ಬಿಡಲೇ ಇಲ್ಲ. ಇಪ್ಪತ್ತು ಎಣಸೂತನಕ ಬಿಡಲಿಲ್ಲ. ಕೂಸು ಚೀರ್ಕೊಂತು, ರಟ್ಟಿ ನೀಲಿ ಆತು. ಸೊಸಿ ನನ್ನ ಹೆಂಗ ನೋಡಿದ್ಲ ಅಂತ ನಾ ನಿಮಗ ಏನ್ ಹೇಳ್ಲಿ. ಪಟ್ಟಿ ತಗದು ಅಕ್ಕಿ ಡಬ್ಬ್ಯಾಗ ಒಗದೀನ್ರಿ.”

“ಅವತ್ತ ಬಿಸಲಿತ್ತೇನ್ರಿ?” ಯಾಕೆ ಆ ಪ್ರಶ್ನೆ ಬಾಯಿಗೆ ಬಂತೋ ನೀಲಗಂಗಾಳಿಗೇ ತಿಳಿಯದು.

“ರಣ ಬಿಸಲು. ನೀರು ಸೇದಿ ಮೈಯೆಲ್ಲಾ ಬೆವತಿತ್ತು.”

*

ಅವಳು ಚೀಲವನ್ನೂ ತೆಗೆದುಕೊಳ್ಳದೆ ಕಚೇರಿಯಿಂದ ಇಳಿದು ಸೀದಾ ಅಂಗಡಿಗೆ ಹೋದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಂಗಡಿಯೊಳಗೆ ಕಾಲಿಟ್ಟದ್ದು ನಾಲ್ಕು ಸಲವೋ ಐದು ಸಲವೋ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತಳು.

ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದವನು ಅಡತಿ ಅಂಗಡಿಯ ಫಕೀರೇಶ. “ಏನ್ ವೈನಿ, ನಮ್ಮ ಗಡ್ಡ ಪಾಸೋ ನಪಾಸೋ ನೋಡಾಕ ಬಂದೀರೇನು?” ಎಂದ.

“ನೋಡ್ಲಿ ಬಿಡೊ,” ಗುದ್ಲೆಪ್ಪ ಕತ್ತಿ ಮಸೆಯುತ್ತ ಹೇಳಿದ. “ನನ್ನ ದೀಪ ಹಸರು ಐತೋ ಕೆಂಪೈತೋ ನೋಡಿ ಹೋಗ್ತಾಳ.”

ತಮಾಷೆಗೆ ಹೇಳಿದ್ದು. ಕರೆಂಟು ಹೋಗಿ ಫ್ಯಾನು ನಿಂತಿತು. ಮೇ ತಿಂಗಳ ಒಂದೂವರೆ ಗಂಟೆ, ತಗಡಿನ ಮಾಡು. ಗುದ್ಲೆಪ್ಪ ಎಡಗೈಯಿಂದ ಫಕೀರೇಶನ ಗದ್ದ ಎತ್ತಿ ಹಿಡಿದು ಬಲಗೈಯ ಕತ್ತಿಯನ್ನು ಗಂಟಲ ಕೆಳಗೆ ತಂದ. ಅವನ ಹಣೆಯಿಂದ ಒಂದು ಹನಿ ಇಳಿಯಿತು. ಮುಂಗೈಯ ಕೂದಲ ಬುಡದಲ್ಲಿ ಬೆವರು ಸಣ್ಣಗೆ ಮಿನುಗಿತು.

“ಕೈ ತಗೀರಿ!” ಎಂದು ಚೀರಿಬಿಟ್ಟಳು.

ಫಕೀರೇಶ ಹಾರಿಬಿದ್ದ. ಕತ್ತಿ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಗುದ್ಲೆಪ್ಪ ಹೆಂಡತಿಯನ್ನು ನೋಡಿದ. ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ. ಬಣ್ಣಗೆಟ್ಟ ಮುಖದಲ್ಲಿ ಫಕೀರೇಶನ ನೊರೆ ಒರೆಸಿ, “ನಾಳೆ ಬಾರಪಾ,” ಎಂದು ಕಳಿಸಿ, ಬಾಗಿಲು ಅರ್ಧ ಎಳೆದ.

“ನಿನಗ ಯಾರ್ ಹೇಳಿದ್ರು?” ಎಂದ.

“ಏನ್ ಹೇಳಿದ್ರು?”

ಅವನು ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕುಳಿತ. “ಯುಗಾದಿ ಆದಮ್ಯಾಲ ಎರಡು ಸಲ ಆತು, ನೀಲಾ. ಎಡಗೈ. ಗದ್ದಾ ಹಿಡದದ್ದು ಬಿಡಲಿಲ್ಲ. ನಾ ನಕ್ಕೊಂತ, ‘ಅಳ್ಳಾಡಬ್ಯಾಡ್ರಿ ಸಾಹುಕಾರ’ ಅಂತ ಸುಮ್ನ ನಿಂತ್ನಿ. ಬಲಗೈಯಾಗ ಕತ್ತಿ ಇತ್ತು. ಬಲಗೈ ಆಗಿದ್ರ?”

“ನನಗ್ಯಾಕ ಹೇಳಲಿಲ್ಲ?”

“ನಿನಗ ಹೇಳಿದ್ರ ನೀ ಬರೀತಿದ್ದಿ. ನೀ ಬರದ್ರ ಕೆಂಪ. ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಉಣಬೇಕಿತ್ತು ನಾ.”

ಆಗ ಅವಳೂ ತನ್ನದನ್ನು ಹೇಳಿದಳು. ಕಾರವಾರದ ಪೆಟ್ಟಿಗೆ, ಶನಿವಾರದ ಧೂಳು, ತಾನೇ ಹೇಳಿ ಬರೆಸಿದ ಸಾಲುಗಳು, ನಿನ್ನೆಯಿಂದ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಹೊರಗೆ ಯಾವುದೋ ಟಂಟಂ ಗಾಡಿ ಹಾರ್ನು ಹಾಕಿಕೊಂಡು ಹೋಯಿತು.

ಗುದ್ಲೆಪ್ಪ ಎಡಗೈಯ ಪಟ್ಟಿ ಬಿಚ್ಚಿದ. ಬಲಗೈಯದು ಬಿಚ್ಚಬೇಕು, ಎಡಗೈ ಆಗಲೇ ಕುಣಿಯತೊಡಗಿತ್ತು, ಕೊಕ್ಕೆ ಸಿಗಲಿಲ್ಲ.

“ಬಿಚ್ಚು,” ಎಂದ.

ಅವಳು ಬಿಚ್ಚಿದಳು. ಎರಡೂ ಕೈಗಳು ಅವನ ತೊಡೆಯ ಮೇಲೆ ಗುಬ್ಬಿಗಳಂತೆ ಹಾರಾಡಿದವು. ಅವನು ಅವುಗಳನ್ನು ನೋಡಲಿಲ್ಲ.

“ಹೋಗಿ ಒತ್ತು,” ಎಂದ.

*

ನದಾಫ್ ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲ ಕೇಳಿದರು. ಕೆಂಪು ದೀಪ ಆಗಲೇ ಬಿದ್ದಾಗಿತ್ತು. ಸಂದೇಶದ ಕೆಳಗೆ ನೀಲಗಂಗಾ ತನ್ನ ಕೈಯಿಂದ ಎರಡು ಸಾಲು ಸೇರಿಸಿದ್ದಳು: ಪಟ್ಟಿ ಹಿಡಿದದ್ದನ್ನು ಬಿಡದೆ ಹೋದ ಅನುಭವ ಯಾರಿಗಾದರೂ ಆಗಿದೆಯೇ? ಯಾವಾಗ, ಎಲ್ಲಿ, ಏನು ಮಾಡುತ್ತಿದ್ದಾಗ?

“ಒಟ್ಟು ಎಷ್ಟ ಮಂದಿಗೆ ಕಲಿಸೀರಿ?”

“ಹತ್ತೊಂಬತ್ತು.”

“ಕುರ್ಚಿ ಬಿಡಬೇಕಾಗ್ತದ, ಅಕ್ಕಾರ. ಇವತ್ತ.”

“ಗೊತ್ತದ್ರಿ. ಉಳದ ಹದಿನೆಂಟರ ಯಾದಿ ಇಲ್ಲೇತಿ ನೋಡ್ರಿ. ನಾ ಫೋನ್ ಹಚ್ಚೀನಿ. ಹನ್ನೊಂದು ಮಂದಿ ಎತ್ತಿದ್ರು, ಚಲೋ ಅದಾರ, ನನ್ನ ಬೈದ್ರು. ಏಳು ಮಂದಿ ಎತ್ತಿಲ್ಲ.”

ನದಾಫ್ ಮೇಡಂ ಆ ಯಾದಿಯನ್ನು ಮಡಚಿ ಇಟ್ಟುಕೊಂಡರು. ಆಮೇಲೆ, “ಸ್ಥಿರಹಸ್ತ ಬರದ ಭಾಷಾ ನನಗ ಬರ್ತದ. ರವಿವಾರ ನಿಮ್ಮನೀಗೆ ಬರ್ತೀನಿ. ಕಚೇರಿಗೆ ಸಂಬಂಧ ಇಲ್ಲ, ತಿಳೀತೇನು? ಚಹಾ ಕುಡ್ಯಾಕ ಬರ್ತೀನಿ,” ಎಂದರು.

ಮೊದಲ ಎರಡು ದಿನ ಬರೀ ಬೈಗುಳ ಬಂದವು. ಕೊಪ್ಪಳದ ಶಿಕ್ಷಕನೊಬ್ಬ, ಕರಿಹಲಗೆಯ ಮುಂದೆ ಮಕ್ಕಳು ನಗುತ್ತಾರೆ, ನಿಮಗೇನು ಗೊತ್ತು ಎಂದು ಬರೆದ. ಹೂ ಕಟ್ಟುವವಳೊಬ್ಬಳು ಫೋನಿನಲ್ಲಿ ಅತ್ತಳು. ಮೂರನೆಯ ದಿನದಿಂದ ಬೇರೆ ಪತ್ರಗಳು ಬಂದವು. ಹೌದು, ನನಗೂ ಆಗಿದೆ. ನಾನು ಯಾರಿಗೂ ಹೇಳಿಲ್ಲ. ನನ್ನದೇ ಕೈಯ ತಪ್ಪು ಎಂದುಕೊಂಡಿದ್ದೆ. ಒಟ್ಟು ಐವತ್ತೇಳು ಪತ್ರ. ಎಲ್ಲವೂ ರಾಯಚೂರು, ಬಾಗಲಕೋಟೆ, ಗದಗು, ಕೊಪ್ಪಳದವು; ಕರಾವಳಿಯದು ಒಂದೂ ಇಲ್ಲ.

ಏಳನೆಯ ದಿನ ಪಟ್ಟಿಗಳು ನಿಂತವು. ಗುದ್ಲೆಪ್ಪ ಪಟ್ಟಿ ಬಿಚ್ಚಿದ ದಿನವೇ ಅಂಗಡಿಗೆ ಬೀಗ ಹಾಕಿಸಿ ಮನೆಯಲ್ಲಿ ಕುಳಿತಿದ್ದ. ನೀಲಗಂಗಾ ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ತಿರುಗಿದಳು. “ನನ್ನ ಕೈಗಿಂತ ನಿನ್ನ ಕಾಲು ಜಾಸ್ತಿ ನಡಗಾಕತ್ತಾವು, ಕುಂದರ,” ಎಂದ ಅವನು.

ಬೆಳಕು ಬಂದದ್ದು ಕಾರವಾರದಿಂದ. ಜೆಸಿಂತಾ ಮಾವ್ಶಿಯ ನೋಟುಬುಕ್ಕಿನ ಪುಟಗಳನ್ನೆಲ್ಲ ಚಿತ್ರ ತೆಗೆದು ಕಳಿಸಿದಳು. ಕೊನೆಯ ಪುಟದ ಮೂಲೆಯಲ್ಲಿ ಮುದುಕಿ ಬರೆದುಕೊಂಡಿದ್ದರು: ಒಣ ಊರಿನಲ್ಲಿ ಒಮ್ಮೆ ನೋಡಬೇಕು.

ನದಾಫ್ ಮೇಡಂ ಅದನ್ನು ಓದಿ ಹಣೆ ಹೊಡೆದುಕೊಂಡರು. “ತಮ್ಮನ ಕೈ ಮ್ಯಾಲ ನೋಡಿ ಬರದಾರ, ಅಕ್ಕಾರ. ಕಾರವಾರದಾಗ ಚರ್ಮ ಯಾವಾಗಲೂ ಹಸೀನ. ನಮ್ಮಲ್ಲಿ ಹಂಗಲ್ಲ. ಕಟ್ಟಿಗಿಯಂಗ ಒಣಗಿದ್ದ ಕೈ ಗಳಿಗ್ಯಾಗ ಬೆವರ್ತದ. ಹಸಿ ಚರ್ಮದಾಗ ಅಲಿ ಜೋರ ಕಾಣಸ್ತದ. ಪಟ್ಟಿ, ನಡುಕ ಜಾಸ್ತಿ ಆತಂತ ತಿಳದು, ಎದರಿನ ಅಲಿ ಜೋರ ಮಾಡಿ ಬಿಗೀತದ.”

ಹರಿದಿಲ್ಲ ಎಂದಿದ್ದ ಬಟ್ಟೆ ಹರಿದದ್ದು ಅಲ್ಲಿ. ಕ್ಲೆಮೆಂಟಿನಾ ಬಾಯಿ ಸತ್ತಿದ್ದರು, ಹರಿದದ್ದನ್ನು ಕಂಡವರು ಕೂಗುತ್ತಿದ್ದರು, ನಡುವೆ ಹಸಿರು ದೀಪ ಉರಿಯುತ್ತಿತ್ತು.

*

ತಿದ್ದುಪಡಿ ಬರೆಯಲು ಮೂರು ರವಿವಾರ ಹಿಡಿದವು. ಕೆಂಪಾದದ್ದನ್ನು ವಹಿಸಿಕೊಳ್ಳುವವರ ಹೆಸರಿನ ಜಾಗದಲ್ಲಿ ನೀಲಗಂಗಾ ತನ್ನ ಹೆಸರು ಬರೆದಿದ್ದಳು. ಕುರ್ಚಿ ಹೋದವಳಿಗೆ ಇನ್ನು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಕೊನೆಯ ಗುಂಡಿ ಒತ್ತಿರಲಿಲ್ಲ.

ವಹಿಸಿಕೊಳ್ಳುವವರಿಗೆ ಪರೀಕ್ಷೆಗೆಂದು ಒಂದು ಜೊತೆ ಪಟ್ಟಿ ನಡೆಸಲು ಅನುಮತಿ ಇತ್ತು; ಪರೀಕ್ಷೆ ನಡೆದದ್ದು ಅವಳ ಅಡಿಗೆಮನೆಯಲ್ಲಿ. ಗುದ್ಲೆಪ್ಪನ ಕೈಗಳಿಗೆ ಪಟ್ಟಿ ಕಟ್ಟಿ, ಫ್ಯಾನಿನ ಮುಂದೆ ಹಿಡಿಸಿ ಚೆನ್ನಾಗಿ ಒಣಗಿಸುವುದು. ಕುದಿಯುವ ನೀರಿನ ಬೋಗುಣಿಯ ಮೇಲೆ ಒಮ್ಮೆಲೇ ಹಿಡಿದು ಹಬೆ ತಾಗಿಸುವುದು. ಆಗ ಲಟ್ಟಣಿಗೆ ಹಿಡಿದು ಬಿಡಲು ಹೇಳುವುದು. ನದಾಫ್ ಮೇಡಂ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಹಳೆಯ ತಂತ್ರಾಂಶದಲ್ಲಿ ಹತ್ತಕ್ಕೆ ಆರು ಸಲ ಲಟ್ಟಣಿಗೆ ಕೈಯಲ್ಲೇ ಅಂಟಿ ಕುಳಿತಿತ್ತು. ಹೊಸದರಲ್ಲಿ ನಲವತ್ತು ಸಲದಲ್ಲಿ ಒಮ್ಮೆಯೂ ಇಲ್ಲ.

“ಸಾಕ ಮಾರಾಯ್ತಿ. ನನ್ನ ಕೈ ಬೆಂದ ಬದನೀಕಾಯಿ ಆಗ್ಯಾವು,” ಎಂದ ಗುದ್ಲೆಪ್ಪ.

“ಒತ್ತೂಣೇನ್ರಿ, ಅಕ್ಕಾರ?” ನದಾಫ್ ಮೇಡಂ ಕೇಳಿದರು. “ನಾಕ ನೂರ ಮಂದಿ ಕಾಯಾಕತ್ತಾರ.”

ನೀಲಗಂಗಾ ಲಟ್ಟಣಿಗೆಯನ್ನು ಅವನ ಕೈಯಿಂದ ತೆಗೆದು ಬದಿಗಿಟ್ಟಳು. ಸೆರಗು ಸರಿಸಿ ಮುಂದೆ ಬಂದು ಕುಳಿತಳು. ಕತ್ತು ತುಸು ಮೇಲೆತ್ತಿದಳು.

“ಇಲ್ಲಿ ಹಿಡೀರಿ.”

“ಹುಚ್ಚು ಹಿಡದೈತೇನ್ ನಿನಗ?”

“ಲಟ್ಟಣಗಿಗೆ ಜೀವ ಇಲ್ರಿ. ನಾಳೆ ಅವರೆಲ್ಲಾ ಯಾರದೋ ಮೈಮ್ಯಾಲ ಕೈ ಇಡ್ತಾರ. ನೋಡ್ಕೊಳ್ಳಾಕಿ ಯಾರಂತ ಕೇಳಿದ್ರ ನನ್ನ ಹೆಸರು ಇರ್ತದ. ಹಿಡೀರಿ.”

ಗುದ್ಲೆಪ್ಪ ನದಾಫ್ ಮೇಡಂ ಕಡೆ ನೋಡಿದ. ಅವರು ಪೆನ್ನು ಕೆಳಗಿಟ್ಟಿದ್ದರು. ಅವನು ಬಲಗೈಯನ್ನು ಫ್ಯಾನಿಗೆ ಹಿಡಿದ, ಹಬೆಗೆ ಹಿಡಿದ. ಹಸಿಯಾದ, ಬಿಸಿಯಾದ ಐದು ಬೆರಳು ಬಂದು ಅವಳ ಗಂಟಲನ್ನು ಸುತ್ತಿದವು. ಬಿಗಿಯಾದವು. ಅವಳಿಗೆ ತನ್ನ ನಾಡಿ ಅವನ ಹೆಬ್ಬೆರಳಿಗೆ ಬಡಿಯುವುದು ತಿಳಿಯಿತು.

“ಬಿಡ್ರಿ,” ಎಂದಳು.

ಒಂದು. ಎರಡು ಎನ್ನುವುದರೊಳಗೆ ಬೆರಳು ಸಡಿಲಾದವು. ಗುದ್ಲೆಪ್ಪ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಎದೆಗೆ ಒತ್ತಿಕೊಂಡ. ಅವನ ಕಣ್ಣು ತುಂಬಿದ್ದವು.

ನೀಲಗಂಗಾ ಅವನ ಕೈ ಹಿಡಿದು, ಸೆರಗಿನಿಂದ ಹಬೆಯನ್ನು ಒರೆಸಿ, ಮತ್ತೆ ಫ್ಯಾನಿನ ಕಡೆ ತಿರುಗಿಸಿದಳು.

“ಇನ್ನೊಮ್ಮೆ,” ಎಂದಳು.